ನಾಲ್ಕನೇ ಬೆಡ್ಡಿನ ರೌಟರ್

ತಂತಿಯಣ್ಣ ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಬೆಳಗಿನ ಒಂಬತ್ತೂವರೆ. ಹೆಗಲ ಮೇಲೆ ಸದಾ ಒಂದು ಸುರುಳಿ ಕೇಬಲ್ ನೇತಾಡುತ್ತಿದ್ದುದರಿಂದ ಅವನಿಗೆ ಆ ಹೆಸರು ಬಂದಿತ್ತು. ನಿಜವಾದ ಹೆಸರು ಈಗ ಅವನ ಗುರುತಿನ ಚೀಟಿಗೆ ಮಾತ್ರ ಗೊತ್ತು. ಹನ್ನೆರಡು ಹಾಸಿಗೆಯ ಆ ಪುಟ್ಟ ಆಸ್ಪತ್ರೆಯಲ್ಲಿ ಕಂಪ್ಯೂಟರ್, ಪ್ರಿಂಟರ್, ಕ್ಯಾಮೆರಾ, ಏನು ಕೆಟ್ಟರೂ ಕರೆ ಅವನಿಗೇ ಬರುತ್ತಿತ್ತು. ಈ ಸಲ ಕೆಟ್ಟಿದ್ದು ರೌಟರ್. ಅದು ಏಳದಿದ್ದರೆ ಕೆಳಗೆ ಚೀಟಿ ಕೊಡುವ ಮೇಜಿನ ಕಂಪ್ಯೂಟರಿಗೆ ಲ್ಯಾಬಿನ ಸುದ್ದಿ ಇಲ್ಲ, ಲ್ಯಾಬಿಗೆ ವಾರ್ಡಿನ ಸುದ್ದಿ ಇಲ್ಲ. ಕೆಳಗಿನ ಹಜಾರದಲ್ಲಿ ಆಗಲೇ ಮೂವತ್ತು ಜನ ಚೀಟಿ ಹಿಡಿದು ಕೂತಿದ್ದರು.

ಇಡೀ ಆಸ್ಪತ್ರೆಯಲ್ಲಿ ಖುಷಿಯಾಗಿದ್ದವರು ಒಬ್ಬರೇ, ದೊಡ್ಡ ಸಿಸ್ಟರ್. ಕಂಪ್ಯೂಟರ್ ಬಂದ ದಿನದಿಂದ ಅವರು ಬೀರುವಿನ ಮೇಲೆ ಬಟ್ಟೆ ಸುತ್ತಿ ಇಟ್ಟಿದ್ದ ಹಳೆಯ ರಿಜಿಸ್ಟರುಗಳು ಇವತ್ತು ಕೆಳಗಿಳಿದಿದ್ದವು. ಧೂಳು ಕೊಡವಿ, ಗೆರೆ ಎಳೆದು, ಇಂಕಿನ ಪೆನ್ನಿನಲ್ಲಿ ದುಂಡಗೆ ಬರೆಯುತ್ತ ಕೂತಿದ್ದ ಅವರ ಮುಖದಲ್ಲಿ ಹತ್ತು ವರ್ಷ ಇಳಿದಂತಿತ್ತು.

“ನಿಧಾನವಾಗಿ ಮಾಡಪ್ಪ, ಅವಸರ ಏನೂ ಇಲ್ಲ” ಎಂದರು. ಅವರ ಬಾಯಲ್ಲಿ ಈ ಮಾತು ಕೇಳಿ ತಂತಿಯಣ್ಣನಿಗೆ ಒಂದು ಕ್ಷಣ ಭಯವೇ ಆಯಿತು.

ರೌಟರ್ ಇದ್ದದ್ದು ಔಷಧಿಯ ಉಗ್ರಾಣದಲ್ಲಿ, ಗೋಡೆಗೆ ಹೊಡೆದ ಹಲಗೆಯ ಮೇಲೆ. ತಂತಿಯಣ್ಣ ಸ್ವಿಚ್ ಹಾಕಿದ. ಮೊದಲನೆಯ ದೀಪ ಹತ್ತಿತು, ಸ್ವಲ್ಪ ಹೊತ್ತಿಗೆ ಎರಡನೆಯದು, ಮೂರನೆಯದು. ನಾಲ್ಕನೆಯದು ಹತ್ತಿದರೆ ಕೆಲಸ ಆದಂತೆ. ಆದರೆ ಅಷ್ಟರಲ್ಲಿ ಎಲ್ಲ ದೀಪಗಳೂ ಕಣ್ಣು ಹೊಡೆದಂತಾಗಿ ಆರಿಹೋದವು. ಮತ್ತೆ ಮೊದಲನೆಯದರಿಂದ ಶುರು. ಅಡಾಪ್ಟರ್ ಬದಲಾಯಿಸಿದ. ಎಲ್ಲ ಕೇಬಲ್ ಕಿತ್ತು ಬರೀ ಕರೆಂಟ್ ಕೊಟ್ಟು ನೋಡಿದ. ಜಪ್ಪಯ್ಯ ಅಂದರೂ ಮೂರನ್ನು ದಾಟಲಿಲ್ಲ. ತಲೆಯ ಮೇಲಿನ ಬಲ್ಬ್ ಕೂಡ ಆಗಾಗ ಮಿಣಮಿಣ ಎನ್ನುತ್ತಿತ್ತು. ‘ಈ ಕೋಣೆಯ ಕರೆಂಟೇ ಸರಿ ಇಲ್ಲ’ ಎಂದು ತೀರ್ಮಾನಿಸಿದ. ಇಡೀ ಕಟ್ಟಡದಲ್ಲಿ ಒಂದು ಚೂರೂ ಅಲುಗದ ಕರೆಂಟ್ ಇದ್ದದ್ದು ವಾರ್ಡಿನ ಹಾಸಿಗೆಗಳ ಪಕ್ಕದ ಸಾಕೆಟ್ಟುಗಳಲ್ಲಿ; ಅವಕ್ಕೆ ಬೇರೆ ಬ್ಯಾಟರಿ ಇತ್ತು.

ರೌಟರನ್ನು ಕಂಕುಳಲ್ಲಿ ಇಟ್ಟುಕೊಂಡು ದೊಡ್ಡ ಸಿಸ್ಟರ್ ಮುಂದೆ ನಿಂತ.

“ಸಿಸ್ಟರ್, ನಾಲ್ಕನೇ ಬೆಡ್ ಖಾಲಿ ಇದೆಯಲ್ಲ. ಅದರ ಪಕ್ಕದ ಸಾಕೆಟ್ಟಿಗೆ ಒಂದರ್ಧ ಗಂಟೆ ಇದನ್ನ ಹಾಕ್ಕೊಳ್ಲಾ?”

“ಬೆಡ್ಡಿನ ಸಾಕೆಟ್ಟು ಬೆಡ್ಡಿನ ಪೇಷೆಂಟಿಗೆ.”

“ಅಲ್ಲಿ ಪೇಷೆಂಟೇ ಇಲ್ವಲ್ಲ.”

“ಹಾಗಾದ್ರೆ ಸಾಕೆಟ್ಟೂ ಇಲ್ಲ.”

ತಂತಿಯಣ್ಣನಿಗೆ ರೇಗಿತು. “ಒಂದು ಕೆಲಸ ಮಾಡಿ, ಇದನ್ನೇ ಅಡ್ಮಿಟ್ ಮಾಡ್ಕೊಂಡುಬಿಡಿ!”

ತಮಾಷೆಗೆ ಹೇಳಿದ್ದು. ಆದರೆ ದೊಡ್ಡ ಸಿಸ್ಟರಿಗೂ ತಮಾಷೆಗೂ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಅವರು ಹೊಸ ಕೇಸ್ ಶೀಟ್ ಒಂದನ್ನು ಎಳೆದುಕೊಂಡು, ಪೆನ್ನಿನ ಮುಚ್ಚಳ ತೆಗೆದರು.

“ವಯಸ್ಸು?”

“…ಎರಡೂವರೆ ವರ್ಷ.”

“ಗಂಡೋ ಹೆಣ್ಣೋ?”

“ಗೊತ್ತಿಲ್ಲ ಸಿಸ್ಟರ್.”

“ಕಡೆಯವರಾಗಿ ಅಷ್ಟೂ ಗೊತ್ತಿಲ್ವಾ? ಏನು ತೊಂದರೆ?”

“ಏಳ್ತಾ ಇಲ್ಲ. ಏಳೋಕೆ ನೋಡುತ್ತೆ, ಇನ್ನೇನು ಎದ್ದೇಬಿಡ್ತು ಅನ್ನೋ ಹೊತ್ತಿಗೆ ಬಿದ್ದುಹೋಗುತ್ತೆ.”

ಅವರು ‘ತಲೆಸುತ್ತು, ನಿಶ್ಶಕ್ತಿ’ ಎಂದು ಬರೆದುಕೊಂಡರು. “ಆಹಾರ?”

“ಹನ್ನೆರಡು ವೋಲ್ಟು.”

“ಹೊತ್ತುಹೊತ್ತಿಗೆ ತಗೊಳ್ಳುತ್ತಾ?”

“ಅದೇ ನನಗೂ ಅನುಮಾನ” ಎಂದುಬಿಟ್ಟ ತಂತಿಯಣ್ಣ. ಎಂದ ಮೇಲೆ ತಾನೂ ಈ ಆಟದೊಳಕ್ಕೆ ಕಾಲಿಟ್ಟಾಯಿತು ಎಂದು ಅವನಿಗೆ ಹೊಳೆಯಿತು. ಸಹಿ ಹಾಕಿಸಿಕೊಂಡ ದೊಡ್ಡ ಸಿಸ್ಟರ್ ಕೊನೆಯದಾಗಿ ಒಂದು ಮಾತು ಹೇಳಿದರು: “ಕಡೆಯವರು ಒಬ್ಬರು ಜೊತೆಗೆ ಇರಲೇಬೇಕು. ಡಾಕ್ಟರ್ ಹೇಳೋವರೆಗೂ ಬಿಟ್ಟು ಹೋಗೋ ಹಾಗಿಲ್ಲ.”

ನಾಲ್ಕನೇ ಬೆಡ್ಡಿಗೆ ಒಗೆದ ಚಾದರ ಹಾಸಿ, ದಿಂಬಿನ ಮೇಲೆ ರೌಟರನ್ನು ಮಲಗಿಸಿದರು. ಐದನೇ ಬೆಡ್ಡಿನಲ್ಲಿ ಸೊಂಟದ ಮೂಳೆ ಮುರಿದುಕೊಂಡು ಮೂರು ವಾರದಿಂದ ಮಲಗಿದ್ದ ಟೀಚರಮ್ಮ ಕತ್ತು ಹೊರಳಿಸಿದರು. ಅವರು ಮೂವತ್ತು ವರ್ಷ ಪರೀಕ್ಷೆಯ ಕೊಠಡಿಗಳಲ್ಲಿ ಮೈಯೆಲ್ಲ ಕಣ್ಣಾಗಿ ಮೇಲ್ವಿಚಾರಣೆ ಮಾಡಿದವರು. ಈಗ ನೋಡಲು ಒಂದು ಗೋಡೆ, ಒಂದು ಫ್ಯಾನು ಬಿಟ್ಟರೆ ಬೇರೇನೂ ಇರಲಿಲ್ಲ.

“ನಿಮ್ಮ ಕಡೆಯದಾ?” ಎಂದು ಕೇಳಿದರು.

“ಇದು ರೌಟರ್ ಟೀಚರ್.”

“ಅದು ಕಾಣುತ್ತೆ ಕಣಪ್ಪ, ನನಗೆ ಮುರಿದಿರೋದು ಸೊಂಟ, ಕಣ್ಣಲ್ಲ. ನಿಮ್ಮ ಕಡೆಯದಾ ಅಂತ ಕೇಳಿದ್ದು.”

“ಹೌದು” ಎಂದ ತಂತಿಯಣ್ಣ, ಸ್ಟೂಲ್ ಎಳೆದುಕೊಂಡು ಕೂರುತ್ತ.

ಒಳ್ಳೆಯ ಕರೆಂಟಿನಲ್ಲೂ ರೌಟರ್ ಮೂರನೆಯ ದೀಪ ದಾಟಲಿಲ್ಲ. ಇನ್ನೊಮ್ಮೆ ಗಮನವಿಟ್ಟು ನೋಡೋಣ ಎಂದುಕೊಳ್ಳುವಷ್ಟರಲ್ಲಿ ಡಾಕ್ಟರ್ ರೌಂಡ್ಸಿಗೆ ಬಂದರು. ದೊಡ್ಡ ಕೈಗಳ, ದೊಡ್ಡ ದನಿಯ ಸರ್ಜನ್ ಅವರು. ಎರಡು ತಿಂಗಳಿಂದ ಹುಣ್ಣು, ಉಗುರುಸುತ್ತು ಬಿಟ್ಟರೆ ಬೇರೆ ಕೇಸ್ ಕಾಣದೆ ಕೈ ಜಡ್ಡುಗಟ್ಟಿತ್ತು. ಕೇಸ್ ಶೀಟ್ ಓದಿದರು, ರೌಟರನ್ನು ನೋಡಿದರು, ಮತ್ತೆ ಕೇಸ್ ಶೀಟ್ ನೋಡಿದರು. ಅದರಲ್ಲಿ ದೊಡ್ಡ ಸಿಸ್ಟರ್ ಅಕ್ಷರ ಇತ್ತು. ಆ ಅಕ್ಷರವನ್ನು ಪ್ರಶ್ನಿಸಿದವರು ಆ ಆಸ್ಪತ್ರೆಯಲ್ಲಿ ಯಾರೂ ಇಲ್ಲ. ಡಾಕ್ಟರ್ ಸ್ಟೆತಸ್ಕೋಪ್ ಕಿವಿಗೆ ಸಿಕ್ಕಿಸಿಕೊಂಡರು.

“ಮೈ ಬಿಸಿ ಇದೆ” ಎಂದರು. “ಎಷ್ಟು ದಿನದಿಂದ?”

“ಇವತ್ತು ಬೆಳಿಗ್ಗೆಯಿಂದ.”

“ಮುಂಚೆ ಯಾವತ್ತಾದ್ರೂ ಹೀಗಾಗಿತ್ತಾ? ಬಿದ್ದು ಗಿದ್ದು ಮಾಡಿತ್ತಾ? ಸುತ್ತಮುತ್ತ ಏನಾದ್ರೂ ಬದಲಾವಣೆ? ನಿನ್ನೆ ಇದರ ಹತ್ತಿರ ಯಾರು ಹೋಗಿದ್ರು?”

ತಂತಿಯಣ್ಣ ಪೆಚ್ಚಾದ. ಬೆಳಿಗ್ಗೆ ಬಂದ ತಕ್ಷಣ ತಾನು ಕೇಳಬೇಕಾಗಿದ್ದ ಪ್ರಶ್ನೆಗಳು ಇವೇ. ಹದಿನೈದು ವರ್ಷದ ಅನುಭವಸ್ಥ ಒಂದನ್ನೂ ಕೇಳದೆ ನೇರ ಅಡಾಪ್ಟರಿಗೆ ಕೈ ಹಾಕಿದ್ದ.

“ಕೇಳಿಲ್ಲ ಸರ್” ಎಂದ ಮೆತ್ತಗೆ. “ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿ ಒಳಗೆ ನೋಡಿಬಿಡ್ತೀನಿ.”

“ಬಿಚ್ಚೋದಾ?” ಡಾಕ್ಟರ ಹುಬ್ಬು ಮೇಲೇರಿತು. “ಕಡೆಯವರು ಹೇಳಿದ ತಕ್ಷಣ ಕೊಯ್ಯೋಕೆ ಇದೇನು ಕ್ಷೌರದಂಗಡಿನಾ? ಸಾಯಂಕಾಲದವರೆಗೆ ನಿಗಾ ಇಡೋಣ. ಸಿಸ್ಟರ್, ಗಂಟೆಗೊಂದು ಸಲ ಟೆಂಪರೇಚರ್ ಬರೀರಿ.”

ಹನ್ನೆರಡಕ್ಕೆ ತಂತಿಯಣ್ಣ ಹೆಂಡತಿಗೆ ಫೋನ್ ಮಾಡಿದ. “ಊಟಕ್ಕೆ ಬರಲ್ಲ ಕಣೇ. ಆಸ್ಪತ್ರೆಯಲ್ಲೇ ಇದೀನಿ. ಅಡ್ಮಿಟ್ ಮಾಡಿದಾರೆ, ಪಕ್ಕದಲ್ಲಿ ಒಬ್ಬರು ಇರಲೇಬೇಕಂತೆ” ಎನ್ನುವಷ್ಟರಲ್ಲಿ ಫೋನಿನ ಚಾರ್ಜ್ ಮುಗಿಯಿತು. ಪಕ್ಕದಲ್ಲಿದ್ದ ಒಂದೇ ಸಾಕೆಟ್ಟಿನಲ್ಲಿ ರೋಗಿ ಇದ್ದುದರಿಂದ ಫೋನನ್ನು ಜೇಬಿಗೆ ಹಾಕಿಕೊಂಡು ಸುಮ್ಮನಾದ.

ಒಂದು ಗಂಟೆಗೆ ಹೆಂಡತಿ ಬಂದಳು. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಕಿತ್ತಳೆ ಹಣ್ಣಿನ ಚೀಲ. ಕಣ್ಣು ಅತ್ತು ಕೆಂಪಗೆ ಊದಿತ್ತು. ವಾರ್ಡಿನ ಬಾಗಿಲಲ್ಲೇ “ಅಯ್ಯೋ ಯಾರು ರೀ, ಯಾರಿಗೆ ಏನಾಯ್ತು?” ಎಂದು ಓಡಿ ಬಂದವಳು ನಾಲ್ಕನೇ ಬೆಡ್ಡಿನ ಮುಂದೆ ನಿಂತಳು. ಕುತ್ತಿಗೆವರೆಗೆ ಚಾದರ ಹೊದ್ದು, ಮೂರು ಹಸಿರು ದೀಪ ಮಿಣುಕಿಸುತ್ತ ರೌಟರ್ ದಿಂಬಿನ ಮೇಲೆ ಮಲಗಿತ್ತು. ಕುತ್ತಿಗೆ ಎಲ್ಲಿ ಎಂದು ನಿರ್ಧರಿಸಿದವರು ದೊಡ್ಡ ಸಿಸ್ಟರ್.

ಅವಳು ಹಣ್ಣಿನ ಚೀಲವನ್ನು ಮಂಚದ ಕಾಲಿನ ಬಳಿ ಇಟ್ಟಳು. ಆಮೇಲೆ, “ಬಸ್ಸಲ್ಲಿ ಅಳ್ತಾ ಬಂದೆ ನಾನು. ಮೂರು ಜನ ಸಮಾಧಾನ ಮಾಡಿದ್ರು. ಒಬ್ಬರು ಸೀಟು ಬಿಟ್ಟುಕೊಟ್ರು” ಎಂದಳು.

“ಮಾತು ಮುಗಿಯೋಕೆ ಮುಂಚೆ ಫೋನ್ ಸತ್ತುಹೋಯ್ತು, ನಾನೇನು ಮಾಡ್ಲಿ?”

ಅವಳು ಬೈಯುವ ಮುಂಚೆ ಅಭ್ಯಾಸಬಲದಿಂದ ರೋಗಿಯ ಹಣೆ ಮುಟ್ಟಿ ನೋಡಿದಳು. “ಪಾಪ, ಸುಡ್ತಿದೆ” ಎಂದಳು. ಅಲ್ಲಿಗೆ ಬೈಗುಳ ಅರ್ಧ ದಾರಿಯಲ್ಲೇ ಉಳಿಯಿತು. ಕಿತ್ತಳೆ ಹಣ್ಣುಗಳು ಟೀಚರಮ್ಮನ ಪಾಲಾದವು.

ಊಟ ಮುಗಿಸಿ ತಂತಿಯಣ್ಣ ಸ್ಟೂಲಿನ ಮೇಲೆ ಕೂತಲ್ಲೇ ತೂಕಡಿಸುತ್ತಿದ್ದ. ಟೀಚರಮ್ಮನ ದನಿ ಪರೀಕ್ಷೆಯ ಗಂಟೆಯಂತೆ ಬಡಿಯಿತು.

“ನಿದ್ದೆ ಮಾಡೋ ಕಡೆಯವರನ್ನ ನಾನು ಇಲ್ಲೇ ನೋಡಿದ್ದು! ಏಳಪ್ಪ. ನಿನ್ನ ಪೇಷೆಂಟು ಎಷ್ಟು ಸಲ ಎದ್ದು ಬಿತ್ತು ಅಂತ ಲೆಕ್ಕ ಇದೆಯಾ?”

“ಇಲ್ಲ ಟೀಚರ್.”

“ನಲವತ್ತೊಂದು ಸಲ. ಒಂದು, ಎರಡು, ಮೂರು ದೀಪ ಹತ್ತುತ್ತೆ. ಆಮೇಲೆ ಎಲ್ಲ ದೀಪಾನೂ ಒಟ್ಟಿಗೆ ಮೂರು ಸಲ ಮಿಣುಕುತ್ತೆ. ಆಮೇಲೆ ಆರುತ್ತೆ. ಪ್ರತಿ ಸಲಾನೂ ಮೂರೇ. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ.”

ತಂತಿಯಣ್ಣನ ನಿದ್ದೆ ಹಾರಿಹೋಯಿತು. ಕರೆಂಟ್ ಕೈಕೊಟ್ಟರೆ ದೀಪ ಹೀಗೆ ಎಣಿಸಿ ಮಿಣುಕುವುದಿಲ್ಲ. ರೌಟರಿನ ಹಿಂದೆ ಒಂದು ಸಣ್ಣ ತೂತು ಇರುತ್ತದೆ, ಅದರೊಳಗೆ ರೀಸೆಟ್ ಬಟನ್. ಪಿನ್ ತೂರಿಸಿ ಅದನ್ನು ಒತ್ತಿ ಹಿಡಿದರೆ ರೌಟರ್ ಕಲಿತದ್ದನ್ನೆಲ್ಲ ಮರೆತು ಮೊದಲಿನಿಂದ ಶುರು ಮಾಡುತ್ತದೆ. ಮರೆಯುವ ಮುಂಚೆ ಮೂರು ಸಲ ಮಿಣುಕುತ್ತದೆ. ಬೆಳಿಗ್ಗೆ ತಾನು ಕಣ್ಣು ಹೊಡೆದಂತೆ ಎಂದುಕೊಂಡದ್ದು ಅದನ್ನೇ.

“ಆದ್ರೆ ಬಟನ್ ಯಾರೂ ಒತ್ತಿಲ್ವಲ್ಲ!” ಎಂದ ಗಟ್ಟಿಯಾಗಿ.

“ಇನ್ನೊಂದು ವಿಷಯ” ಎಂದರು ಟೀಚರಮ್ಮ. “ಅದಕ್ಕೆ ಇರುವೆ ಹತ್ತಿದೆ.”

‘ಇರುವೆ’ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ವಾರ್ಡಿನ ಆ ತುದಿಯಿಂದ ದೊಡ್ಡ ಸಿಸ್ಟರ್ ಬಿರುಗಾಳಿಯಂತೆ ಬಂದರು. “ಇಪ್ಪತ್ತೆರಡು ವರ್ಷದಲ್ಲಿ ನನ್ನ ವಾರ್ಡಿಗೆ ಇರುವೆ ಬಂದಿಲ್ಲ! ಕಡೆಯವರು ಊಟ ಗೀಟ ತಂದು ಚೆಲ್ಲಿದ್ರೆ ಇನ್ನೇನಾಗುತ್ತೆ?”

“ಡಬ್ಬಿ ಮುಚ್ಚೇ ಇದೆ ಸಿಸ್ಟರ್, ನೋಡಿ!” ಎಂದು ತಂತಿಯಣ್ಣನ ಹೆಂಡತಿಯೂ ದನಿ ಏರಿಸಿದಳು.

ನಾಲ್ವರೂ ನೋಡಿದರು, ಟೀಚರಮ್ಮ ಮಲಗಿದಲ್ಲಿಂದ, ಉಳಿದವರು ಬಗ್ಗಿ. ಇರುವೆಗಳ ಸಾಲು ಕಿಟಕಿಯಿಂದ ಇಳಿದು, ಊಟದ ಡಬ್ಬಿಯನ್ನು ಕಣ್ಣೆತ್ತಿಯೂ ನೋಡದೆ ದಾಟಿ, ಕಿತ್ತಳೆ ಸಿಪ್ಪೆಯ ಪಕ್ಕದಲ್ಲೇ ಹಾದು, ಮಂಚದ ಕಾಲು ಹತ್ತಿ, ಚಾದರದ ಮೇಲೆ ಶಿಸ್ತಾಗಿ ನಡೆದು ರೌಟರಿನ ಬೆನ್ನಿನ ಸಣ್ಣ ತೂತಿನ ಮುಂದೆ ಗುಂಪುಗೂಡಿತ್ತು. ತಂತಿಯಣ್ಣ ಟಾರ್ಚ್ ಬಿಟ್ಟ. ತೂತಿನೊಳಗೆ ಕಂದು ಬಣ್ಣದ ಅಂಟು ಗಟ್ಟಿಯಾಗಿ ಕೂತಿತ್ತು. ಬೆರಳಿಂದ ಮುಟ್ಟಿ ಮೂಸಿದ. ಚಿಕ್ಕಂದಿನಲ್ಲಿ ಅಮ್ಮ ಮೂಗು ಹಿಡಿದು ಕುಡಿಸುತ್ತಿದ್ದ ವಾಸನೆ.

“ಕೆಮ್ಮಿನ ಸಿರಪ್ಪು!”

ಉಗ್ರಾಣ ನೋಡಿಕೊಳ್ಳುವ ಕಾಂಪೌಂಡರನ್ನು ಕರೆಸಿದರು. ಆತ ಬಾಗಿಲ ಬಳಿಯೇ ಕೈ ಕೈ ಹಿಸುಕುತ್ತ ನಿಂತ. “ಬೆಳಿಗ್ಗೆ ಹೊತ್ತು ಸಿರಪ್ ಗಟ್ಟಿ ಆಗಿರುತ್ತೆ ಸಿಸ್ಟರ್, ಬಗ್ಗಿಸಿದ್ರೂ ಇಳಿಯಲ್ಲ. ಇದರ ಬೆನ್ನು ಯಾವಾಗ್ಲೂ ಬೆಚ್ಚಗಿರುತ್ತೆ. ಅದಕ್ಕೇ ಒಂದು ವರ್ಷದಿಂದ ಬಾಟ್ಲಿ ಇದರ ಮೇಲೇ ಇಡ್ತಿದ್ದೆ. ನಿನ್ನೆ ಮುಚ್ಚಳ ಸಡಿಲ ಇತ್ತು ಅನ್ಸುತ್ತೆ. ಒರೆಸಿದ್ದೆ.”

“ಮೇಲೆ ಒರೆಸಿದ್ದೀಯ, ಒಳಗೆ ಇಳಿದಿದ್ದು ಗೊತ್ತಾಗಿಲ್ಲ” ಎಂದ ತಂತಿಯಣ್ಣ. ಸಿರಪ್ ತೂತಿನೊಳಗೆ ಇಳಿದು, ಆರಿ, ಬಟನ್ನನ್ನು ಒತ್ತಿದಂತೆಯೇ ಹಿಡಿದುಬಿಟ್ಟಿತ್ತು. ಪಾಪದ ರೌಟರಿಗೆ ಪ್ರತಿ ಸಲ ಎದ್ದಾಗಲೂ ‘ಎಲ್ಲ ಮರೆತುಬಿಡು, ಮತ್ತೆ ಶುರು ಮಾಡು’ ಎಂಬ ಆಜ್ಞೆ ಕಾದಿರುತ್ತಿತ್ತು. ಹೇಳಿದಷ್ಟನ್ನು ಅದು ಚಾಚೂ ತಪ್ಪದೆ ಮಾಡಿತ್ತು.

ದೊಡ್ಡ ಸಿಸ್ಟರ್ ಕೇಸ್ ಶೀಟಿನಲ್ಲಿ ಬರೆದರು: ‘ಕೆಮ್ಮಿನ ಔಷಧಿ ಸೇವನೆ. ಪ್ರಮಾಣ ತಿಳಿದಿಲ್ಲ.’

“ಒಂದು ಪಿನ್ನು, ಸ್ವಲ್ಪ ಸ್ಪಿರಿಟ್, ಹತ್ತಿ ಕೊಡಿ” ಎಂದ ತಂತಿಯಣ್ಣ. “ಮೂರು ನಿಮಿಷದಲ್ಲಿ ತೆಗೆದುಬಿಡ್ತೀನಿ.”

“ಕಡೆಯವರು ಹೊರಗೆ ಇರಿ” ಎಂದಿತು ಹಿಂದಿನಿಂದ ಒಂದು ದೊಡ್ಡ ದನಿ. ಡಾಕ್ಟರ್ ಆಗಲೇ ತೋಳು ಮಡಿಸುತ್ತಿದ್ದರು.

ಒಪ್ಪಿಗೆ ಪತ್ರಕ್ಕೆ ತಂತಿಯಣ್ಣ ಮೂರು ಕಡೆ ಸಹಿ ಹಾಕಿದ. ರೌಟರನ್ನು ಟ್ರಾಲಿಯ ಮೇಲೆ ಮಲಗಿಸಿ ಒಳಗೆ ತಳ್ಳಿಕೊಂಡು ಹೋದರು. ಬಾಗಿಲು ಮುಚ್ಚಿತು, ಮೇಲೆ ಕೆಂಪು ದೀಪ ಹತ್ತಿತು. ಗಂಡ ಹೆಂಡತಿ ಎದುರಿನ ಬೆಂಚಿನ ಮೇಲೆ ಕೂತರು. ಒಳಗಿನಿಂದ “ಚಿಮಟ… ಸ್ಪಿರಿಟ್… ಇನ್ನೊಂದು ಹತ್ತಿ… ಲೈಟು ಈ ಕಡೆ” ಎಂದು ಕೇಳಿಸುತ್ತಿತ್ತು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ತಂತಿಯಣ್ಣ ಎದ್ದು ಅತ್ತಿಂದಿತ್ತ ಓಡಾಡತೊಡಗಿದ.

“ಕೂತ್ಕೊಳ್ಳಿ ರೀ, ಏನಾಗಲ್ಲ” ಎಂದಳು ಹೆಂಡತಿ.

“ಸ್ಪಿರಿಟ್ ಜಾಸ್ತಿ ಹಾಕಿದ್ರೆ ಬೋರ್ಡಿಗೆ ಇಳಿದುಬಿಡುತ್ತೆ ಕಣೇ. ಅವರ ಕೈ ನೋಡಿದೀಯಾ, ಎಷ್ಟು ದೊಡ್ಡದು!”

ಆ ಓಣಿಯಲ್ಲಿ ಹಾದುಹೋಗುತ್ತಿದ್ದ ಯಾರೋ ಅಪರಿಚಿತ ಹೆಂಗಸು ಅವನ ಮುಖ ನೋಡಿ, “ಧೈರ್ಯವಾಗಿರಿ ಅಣ್ಣ. ಈ ಡಾಕ್ಟರ್ ಕೈಗುಣ ಚೆನ್ನಾಗಿದೆ” ಎಂದರು. ತಂತಿಯಣ್ಣ ಅವರಿಗೆ ಕೈ ಮುಗಿದುಬಿಟ್ಟ. ಇದು ನಾಚಿಕೆಗೇಡು ಎಂದು ಅನ್ನಿಸಿತು, ಆದರೂ ಮುಗಿದ ಕೈ ಇಳಿಸಲಿಲ್ಲ. ಹೆಂಡತಿ ಅವನ ಕೈ ಹಿಡಿದುಕೊಂಡಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಜನ ಓಡಾಡುವ ಜಾಗದಲ್ಲಿ ಅವಳು ಕೈ ಹಿಡಿದದ್ದು ಅದೇ ಮೊದಲು.

ನಲವತ್ತು ನಿಮಿಷಕ್ಕೆ ಕೆಂಪು ದೀಪ ಆರಿತು. ಡಾಕ್ಟರ್ ಮುಖಗವಸು ಇಳಿಸುತ್ತ ಹೊರಬಂದರು. ಹಣೆಯಲ್ಲಿ ಬೆವರು, ಕಣ್ಣಲ್ಲಿ ಹೊಳಪು.

“ಆಯ್ತು. ಬಟನ್ ಬಿಟ್ಕೊಂಡಿದೆ. ಇನ್ನು ಪ್ರಜ್ಞೆ ಬರಬೇಕು ಅಷ್ಟೆ.”

ನಾಲ್ಕನೇ ಬೆಡ್ಡಿಗೆ ಮರಳಿ ತಂದು ಸ್ವಿಚ್ ಹಾಕಿದಾಗ ಇಡೀ ವಾರ್ಡ್ ಉಸಿರು ಬಿಗಿಹಿಡಿದಿತ್ತು. ಉಗುರುಸುತ್ತಿನವರೂ ಎದ್ದು ಬಂದಿದ್ದರು. ಒಂದು. ಎರಡು. ಮೂರು. ಟೀಚರಮ್ಮ ತುಟಿಯಲ್ಲೇ ಎಣಿಸುತ್ತಿದ್ದರು. ಯಾವ ದೀಪವೂ ಮಿಣುಕಲಿಲ್ಲ. ಅರ್ಧ ನಿಮಿಷ ಕಳೆದ ಮೇಲೆ, ಹತ್ತಲೋ ಬೇಡವೋ ಎಂಬಂತೆ, ನಾಲ್ಕನೆಯದು ಹತ್ತಿತು. ಯಾರೋ ಚಪ್ಪಾಳೆ ತಟ್ಟಿದರು. ಕಾಂಪೌಂಡರ್ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ.

“ನಮ್ಮ ಗುರುತು ಸಿಗುತ್ತಾ ಅದಕ್ಕೆ?” ಎಂದರು ಟೀಚರಮ್ಮ.

“ಇಲ್ಲ ಟೀಚರ್. ಹಳೇದೆಲ್ಲ ಮರೆತುಹೋಗಿದೆ. ಮೊದಲಿಂದ ಕಲಿಸಬೇಕು.”

“ಕಲಿಸು ಮತ್ತೆ. ಗದರಬೇಡ.”

ತಂತಿಯಣ್ಣ ಹೆಗಲ ಸುರುಳಿ ಬಿಚ್ಚಿ ಉಗ್ರಾಣದಿಂದ ಬೆಡ್ಡಿನವರೆಗೆ ಕೇಬಲ್ ಎಳೆದು, ಮಂಚದ ಅಂಚಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ತನ್ನ ಡೈರಿ ನೋಡಿ ನೋಡಿ ಒಂದೊಂದೇ ವಿವರ ತುಂಬಿದ. ಲ್ಯಾಬ್ ಬಂತು, ಔಷಧಿ ಅಂಗಡಿ ಬಂತು, ಕೆಳಗಿನ ಮೇಜು ಬಂತು. ಹಜಾರದಿಂದ ಪ್ರಿಂಟರ್ ಗರಗರ ಎನ್ನುವ ಸದ್ದು ಮೇಲಿನವರೆಗೂ ಕೇಳಿಸಿತು. ದೊಡ್ಡ ಸಿಸ್ಟರ್ ರಿಜಿಸ್ಟರಿನ ಕೊನೆಯ ಸಾಲಿನ ಕೆಳಗೆ ಸ್ಕೇಲ್ ಇಟ್ಟು ಗೆರೆ ಎಳೆದರು, ಒತ್ತುಕಾಗದ ಒತ್ತಿದರು, ಪೆನ್ನಿನ ಮುಚ್ಚಳ ಹಾಕಿದರು. ಮುಖ ಮತ್ತೆ ಹಳೆಯ ವಯಸ್ಸಿಗೆ ಬಂತು.

“ಉಗ್ರಾಣಕ್ಕೆ ಕಳಿಸಬೇಡಿ, ಅಲ್ಲಿ ಗಾಳಿ ಇಲ್ಲ” ಎಂದು ಡಾಕ್ಟರ್ ಅಪ್ಪಣೆ ಮಾಡಿದರು. “ಇವತ್ತೊಂದು ದಿನ ಇಲ್ಲೇ ಇರಲಿ.”

ಸ್ವಲ್ಪ ನೋಡ್ತಿರಿ ಎಂದು ಟೀಚರಮ್ಮನಿಗೆ ಹೇಳಿ ಗಂಡ ಹೆಂಡತಿ ಗೇಟು ದಾಟುವಾಗ ಐದೂ ಮುಕ್ಕಾಲು. ಬಸ್ ನಿಲ್ದಾಣದ ತಿರುವಿನಲ್ಲಿ ಅವಳು ತಟ್ಟನೆ ನಿಂತಳು.

“ರೀ, ನಿಮ್ಮ ಫೋನ್ ಕಟ್ಟಾದಾಗ ನನಗೆ ಕೈಕಾಲೇ ಆಡಲಿಲ್ಲ. ಅಮ್ಮನಿಗೆ ಫೋನ್ ಮಾಡಿಬಿಟ್ಟೆ.”

“ಏನಂತ?”

“ನಿಮ್ಮ ಕಡೆಯವರು ಯಾರಿಗೋ ಸೀರಿಯಸ್ಸು ಅಂತ. ಆರು ಗಂಟೆ ಬಸ್ಸಿಗೆ ಬರ್ತಾಳೆ.”

ಅತ್ತೆ ಬಸ್ಸಿನಿಂದ ಇಳಿದರು. ಎರಡು ದೊಡ್ಡ ಬ್ಯಾಗು, ಒಂದು ಫ್ಲಾಸ್ಕು, ಸುತ್ತಿದ ಚಾಪೆ. ವಾರಕ್ಕೆ ಆಗುವಷ್ಟು ಸಿದ್ಧತೆ. ಮಗಳು ಅಳಿಯ ಇಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿ, “ನೀವಿಬ್ರೂ ಗಟ್ಟಿಮುಟ್ಟಾಗೇ ಇದ್ದೀರಿ. ಮತ್ತೆ ಮಲಗಿರೋರು ಯಾರು?” ಎಂದರು.

ತಂತಿಯಣ್ಣ ಬಸ್ ನಿಲ್ದಾಣದಲ್ಲೇ ನಿಂತು ಮೊದಲಿನಿಂದ ಕೊನೆಯವರೆಗೆ ಹೇಳಿದ. ಏನನ್ನೂ ಮುಚ್ಚಿಡಲಿಲ್ಲ, ಇರುವೆಗಳನ್ನೂ ಬಿಡಲಿಲ್ಲ. ಅತ್ತೆ ಮುಖದ ಒಂದು ಗೆರೆಯೂ ಅಲುಗದಂತೆ ಕೇಳಿದರು.

“ಈಗ ಹೇಗಿದೆ?”

“ಹುಷಾರಾಗಿದೆ ಅತ್ತೆ. ನೀವು ಸುಮ್ಮನೆ ಇಷ್ಟು ದೂರ…”

“ಇಷ್ಟು ದೂರ ಬಂದು ಮುಖ ನೋಡದೆ ಹೋದ್ರೆ ಚೆನ್ನಾಗಿರುತ್ತಾ? ಬ್ಯಾಗು ಹಿಡ್ಕೊಳ್ಳಿ.”

ಮೂವರೂ ವಾರ್ಡಿಗೆ ವಾಪಸು ಬಂದಾಗ ಹೊರಗಿನವರು ಬರುವ ಹೊತ್ತು ಮುಗಿಯಲು ಹತ್ತು ನಿಮಿಷ ಇತ್ತು. ಅತ್ತೆ ನಾಲ್ಕನೇ ಬೆಡ್ಡಿನ ಪಕ್ಕ ನಿಂತು ನಾಲ್ಕೂ ದೀಪಗಳನ್ನು ನೋಡಿದರು. ಸರಿದಿದ್ದ ಚಾದರವನ್ನು ಎಳೆದು ಸರಿ ಮಾಡಿದರು. ಆಮೇಲೆ ಐದನೇ ಬೆಡ್ಡಿನ ಕಡೆ ತಿರುಗಿ “ನಿಮಗೇನಾಗಿದೆ?” ಎಂದರು. ಟೀಚರಮ್ಮ “ಸೊಂಟ” ಎಂದರು. ಅತ್ತೆ ಸ್ಟೂಲ್ ಎಳೆದುಕೊಂಡು, “ಎಡಗಡೆಯದೋ ಬಲಗಡೆಯದೋ? ನನ್ನದು ಎಡಗಡೆ” ಎಂದು ಕೂತರು.

ಗಂಟೆ ಹೊಡೆಯಿತು. ದೊಡ್ಡ ಸಿಸ್ಟರ್ ಬಂದು ಕೈ ತಟ್ಟಿದರು. “ಎಲ್ಲ ಹೊರಡಿ, ಹೊರಡಿ. ನಾಲ್ಕನೇ ಬೆಡ್ಡಿನ ಕಡೆಯವರು ಯಾರು ಉಳ್ಕೊಳ್ತೀರಿ?”

ತಂತಿಯಣ್ಣ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಬ್ಯಾಗುಗಳನ್ನು ಮಂಚದ ಕೆಳಗೆ ತಳ್ಳಿಯಾಗಿತ್ತು. “ನಾನಿರ್ತೀನಿ” ಎಂದರು. ಚಾಪೆ ಬಿಚ್ಚಿ ಕೊಡವಿ, ಎರಡು ಮಂಚಗಳ ನಡುವೆ ಹಾಸಿದರು.